ನೇರಳೆ ಬಣ್ಣ ಹೋದರೆ ಪ್ರಾಜೆಕ್ಟ್ ಮುಗೀತಾ?

ಏಳನೇ ಸೆಮ್ ಬಂತು ಅಂದರೆ ನಮ್ಮ ಬಯೋಟೆಕ್ ಲ್ಯಾಬಿನ ಹೊರಗೆ ಪೇಪರ್ ಹಾಸಿ ಎಲೆ ಒಣಗಿಸೋದು ಶುರುವಾಗುತ್ತೆ. ನುಗ್ಗೆ, ದೊಡ್ಡಪತ್ರೆ, ಒಂದೆಲಗ, ಅಮೃತಬಳ್ಳಿ... ಬ್ಯಾಚಿನಿಂದ ಬ್ಯಾಚಿಗೆ ಎಲೆಯಷ್ಟೇ ಬದಲು. ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಡಿಪಿಪಿಎಚ್ ದ್ರಾವಣಕ್ಕೆ ಹಾಕಿದರೆ ನೇರಳೆ ಬಣ್ಣ ಹೋಗಿ ತಿಳಿ ಹಳದಿ ಬರುತ್ತೆ. 517 ನ್ಯಾನೋಮೀಟರಿನಲ್ಲಿ ರೀಡಿಂಗ್, ವಿಟಮಿನ್ ಸಿ ಜೊತೆ ಹೋಲಿಸಿ ಒಂದು ಗ್ರಾಫ್. ಕೊನೆಗೆ 'ಇದು ಉತ್ತಮ ಆಂಟಿಆಕ್ಸಿಡೆಂಟ್, ಆದ್ದರಿಂದ ಜೀವಕೋಶವನ್ನು ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ ಕಾಪಾಡಬಲ್ಲದು' ಅಂತ ಕನ್‌ಕ್ಲೂಷನ್. ಮಿನಿ ಪ್ರಾಜೆಕ್ಟಿನಲ್ಲಿ ನಾವೂ ಇದನ್ನೇ ಬರೆದೆವು, ಮಾರ್ಕ್ಸೂ ಚೆನ್ನಾಗೇ ಬಂತು. ಈಗ ನಮ್ಮ ತಕರಾರು ಆ 'ಆದ್ದರಿಂದ' ಅನ್ನೋ ಪದದ ಮೇಲೆ. ಆ ಟೆಸ್ಟ್ ಟ್ಯೂಬಿನಲ್ಲಿ ಜೀವಕೋಶವೇ ಇರಲಿಲ್ಲವಲ್ಲ!

ಜೀವಕೋಶದಲ್ಲಿ ಈ ಸ್ಟ್ರೆಸ್ ಎಲ್ಲಿಂದ ಬರುತ್ತೆ ಅನ್ನೋದನ್ನ ನಮ್ಮ ಯಾವ ರಿಪೋರ್ಟೂ ಕೇಳಲ್ಲ. ಇ. ಕೋಲಿ ಬ್ಯಾಕ್ಟೀರಿಯಾದ ಮಟ್ಟಿಗೆ ಉತ್ತರದ ದೊಡ್ಡ ಭಾಗ ಫ್ಲೇವಿನ್ ಕಿಣ್ವಗಳಲ್ಲಿದೆ. ಫ್ಲೇವಿನ್ ಅಂದರೆ ವಿಟಮಿನ್ ಬಿ2ನಿಂದ ಆಗುವ ಅಣು. ಬಿ-ಕಾಂಪ್ಲೆಕ್ಸ್ ನುಂಗಿದ ದಿನ ಮೂತ್ರ ಗಾಢ ಹಳದಿಯಾಗೋದು ಈ ಬಿ2ನಿಂದಲೇ. ಎಲೆಕ್ಟ್ರಾನುಗಳನ್ನು ಎರಡೆರಡಾಗಿ ತಗೊಂಡು ಒಂದೊಂದಾಗಿ ಕೊಡಬಲ್ಲ ಅಣು ಇದು. ಇಲೆಕ್ಟ್ರಿಕಲ್‌ನವರು ಕನ್ವರ್ಟರ್ ಅಂದುಕೊಳ್ಳಿ. ಆಕ್ಸಿಜನ್ನಿಗೂ ಎಲೆಕ್ಟ್ರಾನ್ ಒಂದೊಂದಾಗಿಯೇ ಬೇಕು. ಹಾಗಾಗಿ ಕೆಲಸದ ಮಧ್ಯೆ ಫ್ಲೇವಿನ್ ಹತ್ತಿರ ಆಕ್ಸಿಜನ್ ಸುಳಿದರೆ ಎಲೆಕ್ಟ್ರಾನ್ ಅತ್ತ ಸೋರುತ್ತೆ. ಸೂಪರಾಕ್ಸೈಡ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತೆ. ಸೂಪರಾಕ್ಸೈಡ್ ಕೆಲವು ಕಿಣ್ವಗಳ ಕಬ್ಬಿಣ-ಗಂಧಕದ ಗೊಂಚಲನ್ನು ಕೆಡಿಸುತ್ತೆ. ಪೆರಾಕ್ಸೈಡ್ ಕಬ್ಬಿಣದ ಜೊತೆ ಸೇರಿದರೆ ಹೈಡ್ರಾಕ್ಸಿಲ್ ರ್ಯಾಡಿಕಲ್ ಆಗಿ ಡಿಎನ್‌ಎಗೇ ಕೈ ಹಾಕುತ್ತೆ.

ಹಾಗಾದರೆ ಫ್ಲೇವಿನ್ ವಿಲನ್ನಾ? ಅಲ್ಲ. ನಮಗೆ ಕಥೆ ಇಷ್ಟವಾಗಿದ್ದೇ ಇಲ್ಲಿಂದ. ಕರುಳಿನಲ್ಲಿ ಆಕ್ಸಿಜನ್ ಇಲ್ಲದಾಗ ಇ. ಕೋಲಿ ಫ್ಯೂಮರೇಟ್ ರಿಡಕ್ಟೇಸ್ ಅನ್ನೋ ಕಿಣ್ವ ಇಟ್ಟುಕೊಂಡು ಉಸಿರಾಡುತ್ತೆ. ಅದರ ಫ್ಲೇವಿನ್ ಹೊರಗಿನ ನೀರಿಗೆ ತೆರೆದೇ ಇರುತ್ತೆ. ಆಕ್ಸಿಜನ್ ಇಲ್ಲದ ಊರಲ್ಲಿ ಬಾಗಿಲು ತೆರೆದಿದ್ದರೆ ತೊಂದರೆ ಏನು? ಅದೇ ಬ್ಯಾಕ್ಟೀರಿಯಾ ಗಾಳಿಗೆ ಬಂದಾಗ ಆ ಕಿಣ್ವ ಸೂಪರಾಕ್ಸೈಡ್, ಪೆರಾಕ್ಸೈಡ್ ಎರಡನ್ನೂ ಉಗುಳುತ್ತೆ. ಇದರ ಹತ್ತಿರದ ಸಂಬಂಧಿ ಸಕ್ಸಿನೇಟ್ ಡಿಹೈಡ್ರೋಜಿನೇಸ್‌ನಲ್ಲೂ ಅದೇ ಫ್ಲೇವಿನ್ ಇದೆ. ಆದರೆ ಅಲ್ಲಿ ಎಲೆಕ್ಟ್ರಾನುಗಳು ಫ್ಲೇವಿನ್ ಬಿಟ್ಟು ಮುಂದಿನ ಕೇಂದ್ರಗಳಲ್ಲಿ ಹೋಗಿ ಕೂರುತ್ತವೆ, ಸೋರಿಕೆ ತುಂಬಾ ಕಡಿಮೆ. ಇನ್ನು ಎಎಚ್‌ಪಿ ಅನ್ನೋ ಕಿಣ್ವವಂತೂ ಫ್ಲೇವಿನ್ ಬಳಸಿಯೇ ಪೆರಾಕ್ಸೈಡನ್ನು ನೀರು ಮಾಡುತ್ತೆ. ಬೆಂಕಿ ಹಚ್ಚೋದೂ ಅದೇ ಅಣು, ಆರಿಸೋದೂ ಅದೇ ಅಣು, ಕೂತಿರೋ ಜಾಗ ಮಾತ್ರ ಬೇರೆ. ಇದಕ್ಕೆ 'ಆಕ್ಸಿಡೆಂಟ್', 'ಆಂಟಿಆಕ್ಸಿಡೆಂಟ್' ಅಂತ ಯಾವ ಲೇಬಲ್ ಅಂಟಿಸ್ತೀರಿ?

ಲೆಕ್ಕಾನೂ ಸ್ವಲ್ಪ ನೋಡಿ. ಗಾಳಿಯಲ್ಲಿ ಬೆಳೆಯೋ ಇ. ಕೋಲಿ ತನ್ನೊಳಗೆ ಸೆಕೆಂಡಿಗೆ ಸುಮಾರು 10ರಿಂದ 15 ಮೈಕ್ರೋಮೋಲಾರ್‌ನಷ್ಟು ಪೆರಾಕ್ಸೈಡ್ ತಯಾರಿಸುತ್ತೆ. ಆದರೂ ಒಳಗೆ ನಿಲ್ಲೋದು ಸುಮಾರು 50 ನ್ಯಾನೋಮೋಲಾರ್ ಅಷ್ಟೇ. ಅಷ್ಟು ವೇಗವಾಗಿ ಎಎಚ್‌ಪಿ, ಕ್ಯಾಟಲೇಸ್‌ಗಳು ಬಳಿದು ಹಾಕುತ್ತವೆ. ಕಷಾಯದಿಂದ ಈ ವ್ಯವಸ್ಥೆಗೆ ಸಹಾಯ ಆಗುತ್ತೆ ಅನ್ನೋರು ಮೊದಲು ಈ ಸ್ಪೀಡಿಗೆ ಉತ್ತರ ಕೊಡಬೇಕು.

ಈ ಸೋರಿಕೆ ಎಲ್ಲಿದೆ ಅಂತ ಹುಡುಕಿದ ರೀತಿ ಇಂಜಿನಿಯರಿಂಗೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೇಮ್ಸ್ ಇಮ್ಲೇ ಅವರ ಲ್ಯಾಬಿನಲ್ಲಿ ಕ್ಯಾಟಲೇಸ್, ಎಎಚ್‌ಪಿ ಎರಡೂ ಇಲ್ಲದ ಇ. ಕೋಲಿ ಕಟ್ಟಿದರು. ಸಂಪಿಗೆ ಎಷ್ಟು ನೀರು ಬರ್ತಿದೆ ಅಂತ ನೋಡೋಕೆ ಮೊದಲು ಮೋಟರ್ ಆಫ್ ಮಾಡ್ತೀವಲ್ಲ, ಹಾಗೆ. ಪೆರಾಕ್ಸೈಡ್ ಪೊರೆ ದಾಟಿ ಹೊರಗೆ ಬರೋದರಿಂದ ಅಳೆಯೋದು ಸುಲಭವಾಯ್ತು. ಉಸಿರಾಟದ ಸರಪಳಿಯೇ ಮುಖ್ಯ ಮೂಲ ಅಂತ ಎಲ್ಲರೂ ಅಂದುಕೊಂಡಿದ್ದರು. 2004ರಲ್ಲಿ ಆ ಸರಪಳಿಯ ಫ್ಲೇವಿನ್ ಕಿಣ್ವಗಳನ್ನೂ ತೆಗೆದು ನೋಡಿದರೆ ಪೆರಾಕ್ಸೈಡ್ ಹೆಚ್ಚೇನೂ ಇಳಿಯಲಿಲ್ಲ! ಮುಂದೆ ಸಿಕ್ಕ ಮೂಲಗಳಲ್ಲಿ ಒಂದು, ಎನ್‌ಎಡಿ ತಯಾರಿಸೋ ದಾರಿಯಲ್ಲಿರೋ ಆಸ್ಪಾರ್ಟೇಟ್ ಆಕ್ಸಿಡೇಸ್. ಅದೂ ಫ್ಲೇವಿನ್ ಕಿಣ್ವವೇ, ಆದರೆ ಯಾರೂ ಕಣ್ಣಿಟ್ಟಿರದ ಮೂಲೆಯದು.

ನಾವು ಎಲೆ ಬಿಡಿ ಅಂತ ಹೇಳ್ತಿಲ್ಲ. ಅದೇ ಎಲೆಯ ಕಷಾಯವನ್ನು ಬ್ಯಾಕ್ಟೀರಿಯಾ ಇಲ್ಲದ ಬರೀ ಮೀಡಿಯಾಗೆ ಹಾಕಿ, ಒಂದು ಗಂಟೆ ಬಿಟ್ಟು ಪೆರಾಕ್ಸೈಡ್ ಅಳೆಯಿರಿ. ಗ್ಯಾಲಿಕ್ ಆಸಿಡ್‌ನಂಥ ಪಾಲಿಫಿನಾಲ್‌ಗಳು ಮೀಡಿಯಾದಲ್ಲಿ ತಾವೇ ಆಕ್ಸಿಜನ್ನಿಗೆ ಎಲೆಕ್ಟ್ರಾನ್ ಕೊಟ್ಟು ಪೆರಾಕ್ಸೈಡ್ ಹುಟ್ಟಿಸ್ತವೆ. ಡಿಪಿಪಿಎಚ್‌ನಲ್ಲಿ ಹೀರೋ ಆದದ್ದೇ ಇಲ್ಲಿ ತಿರುಗಿ ಬೀಳಬಹುದು. ದೊಡ್ಡ ಮೆಷಿನ್ ಬೇಡ: ಫೆರಸ್ ಕಬ್ಬಿಣ ಮತ್ತು ಝೈಲಿನಾಲ್ ಆರೆಂಜ್ ಬಳಸೋ ಫಾಕ್ಸ್ ಅಸ್ಸೇ ನಮ್ಮ ಹಳೇ ಸ್ಪೆಕ್ಟ್ರೋಫೋಟೋಮೀಟರಿನಲ್ಲೇ ಆಗುತ್ತೆ. ಪಾಲಿಫಿನಾಲ್ ಕಬ್ಬಿಣಕ್ಕೆ ಅಂಟಿಕೊಂಡು ರೀಡಿಂಗ್ ಕೆಡಿಸಬಹುದು, ಅದಕ್ಕೆ ಕ್ಯಾಟಲೇಸ್ ಹಾಕಿದ ಕಂಟ್ರೋಲ್ ಒಂದು ಇಟ್ಟುಕೊಳ್ಳಿ. ರಿಸಲ್ಟ್ ಎಲೆಯ ವಿರುದ್ಧ ಬಂದರೂ ಅದನ್ನೇ ರಿಪೋರ್ಟಿನಲ್ಲಿ ಬರೆಯೋಕೆ ಬಿಡಬೇಕು ಅನ್ನೋದು ನಮ್ಮ ಲೆಕ್ಚರರ್‌ಗಳಲ್ಲಿ ನಮ್ಮ ಕೋರಿಕೆ.

ಈ ಸಲ ನಮ್ಮ ಸಿನಾಪ್ಸಿಸ್ ಇದೇ. ಬೇಸ್ ಪೇಪರ್ 2004ರದ್ದು, ತುಂಬಾ ಹಳೇದಾಯ್ತು, ಕಳೆದ ಐದು ವರ್ಷದ್ದೇ ಬೇಕು ಅಂತ ವಾಪಸ್ ಬಂದಿದೆ. ಅದೇ ಪೇಪರ್ ಇಟ್ಟು, ಯಾಕೆ ಬೇಕು ಅಂತ ಎರಡು ಪುಟ ಸೇರಿಸಿ ಸೋಮವಾರ ಮತ್ತೆ ಕೊಡ್ತಿದ್ದೀವಿ.