ಸಂದಣಿ ಕರಗಿದ ಮೇಲೆ ಹಳೆ ಗೋವಾ



ಹಳೆ ಗೋವಾ ಎಂದೊಡನೆ ನಮಗೆ ನೆನಪಾಗುವುದು ಡಿಸೆಂಬರ್ 3, ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಹತ್ತು ವರ್ಷಕ್ಕೊಮ್ಮೆ ಸಂತರ ಪೂಜ್ಯ ಶರೀರದ ದರ್ಶನವೂ ಉಂಟು. ಕಳೆದ ಸಲ ಅದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಅಂಥ ದಿನಗಳಲ್ಲಿ ಮನೆಯ ಹಿರಿಯರಿಗೆ ನಾವು ಹೇಳುವ ಮಾತು ಒಂದೇ: "ಅಲ್ಲಿ ಬಹಳ ಜನ, ನೀವು ಮನೆಯಲ್ಲೇ ಇರಿ."

ಹಾಗಾದರೆ ಜನವಿಲ್ಲದಾಗ ಹೋಗಬಾರದೇಕೆ? ತಮಿಳುನಾಡಿನ ಶಾಲೆಗಳಿಗೆ ಕಾಲಾಂಡು ಪರೀಕ್ಷೆಯ ರಜೆ ಬರುವುದು ಸೆಪ್ಟೆಂಬರ್ ಕೊನೆಗೆ. ಗೋವಾದಲ್ಲಿ ಆಗ ಮಳೆ ಇಳಿಮುಖ. ಪ್ರವಾಸಿಗರು ಇನ್ನೂ ಬಂದಿರುವುದಿಲ್ಲ, ಕೋಣೆ ಬಾಡಿಗೆಯೂ ಕಡಿಮೆ. ಮಾರಂಡಹಳ್ಳಿಯಿಂದ ರೈಲಿನಲ್ಲಿ ಹೊಸೂರಿನ ಮೇಲೆ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಪಣಜಿ. ಹಳೆ ಗೋವಾ ಅಲ್ಲಿಂದ ಸುಮಾರು 10 ಕಿಲೋಮೀಟರ್. ಕೊಡೆ ಮರೆಯಬೇಡಿ.

1605ರಲ್ಲಿ ಪೂರ್ಣಗೊಂಡ ಬೋಂ ಜೀಸಸ್ ಬೆಸಿಲಿಕಾದ ಗಾರೆಯಿಲ್ಲದ ಜಂಬಿಟ್ಟಿಗೆ ಗೋಡೆಗಳು ಮಳೆಯಲ್ಲಿ ನೆನೆದು ಕಡುಗೆಂಪಾಗುತ್ತವೆ. ಒಳಗೆ, ಫ್ಲಾರೆನ್ಸಿನಲ್ಲಿ ಕೆತ್ತಿಸಿ 1698ರಲ್ಲಿ ನಿಲ್ಲಿಸಿದ ಅಮೃತಶಿಲೆಯ ಸಮಾಧಿಪೀಠ. ಅದರ ಕಂಚಿನ ಫಲಕಗಳಲ್ಲಿ ಸಂತರ ಜೀವನದ ದೃಶ್ಯಗಳಿವೆ. ನೂಕುನುಗ್ಗಲಿನಲ್ಲಿ ಇವು ಯಾರ ಕಣ್ಣಿಗೂ ಬೀಳುವುದಿಲ್ಲ. ಗುಡ್ಡದ ಮೇಲೆ ಸಂತ ಅಗಸ್ತೀನರ ದೇವಾಲಯದ ಮುರಿದ ಗೋಪುರವೊಂದೇ ಸುಮಾರು 46 ಮೀಟರ್ ಎತ್ತರಕ್ಕೆ ನಿಂತಿದೆ. ಅದರ ಗಂಟೆ ಈಗ ಮೊಳಗುವುದು ಪಣಜಿಯ ದೇವಾಲಯದಲ್ಲಿ.

ಈ ನಗರವನ್ನು ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೆದ್ದರು. 'ಪೂರ್ವದ ರೋಮ್' ಎಂದು ಮೆರೆದ ಊರನ್ನು ಸೋಂಕುರೋಗಗಳು ಬರಿದು ಮಾಡಿದವು. 1759ರಲ್ಲಿ ವೈಸರಾಯ್ ಪಣಜಿಗೆ ಹೊರಟರು. 1843ರಲ್ಲಿ ರಾಜಧಾನಿಯ ಪಟ್ಟವೂ ಪಣಜಿಯದಾಯಿತು. ಮನೆ, ಅಂಗಡಿ, ಅರಮನೆಗಳು ಮಣ್ಣಾಗಿ ಕೆಲವು ದೇವಾಲಯಗಳು ಮಾತ್ರ ಉಳಿದವು. ಕಲ್ಲಿನ ವೈಭವಕ್ಕೆ ಇಷ್ಟೇ ಆಯುಸ್ಸು.

ಇದೇ ನಗರದ ಪವಿತ್ರ ಶಿಲುಬೆಯ ಒರಟೋರಿಯನ್ ಸಂಸ್ಥೆಯಿಂದ ಹೊರಟವರು ಸಂತ ಜೋಸೆಫ್ ವಾಜ್. 1651ರಲ್ಲಿ ಬೆಣಾವಲಿಯಲ್ಲಿ ಹುಟ್ಟಿದ ಅವರು 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಸೇವೆ ಮಾಡಿದರು. ಆಮೇಲೆ, ಡಚ್ಚರ ಕಟ್ಟುಪಾಡಿನಲ್ಲಿ ಗುರುಗಳಿಲ್ಲದೆ ಉಳಿದಿದ್ದ ಸಿಲೋನಿನ ಕಥೋಲಿಕರ ಬಳಿಗೆ ಬಡವನ ವೇಷದಲ್ಲಿ ಹೋದರು. ಕೊಂಕಣಿ ಮನೆಮಾತಿನ ಅವರು ಅಲ್ಲಿ ತಮಿಳನ್ನೂ ಸಿಂಹಳವನ್ನೂ ಕಲಿತರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮಗೆ ಆ ಶ್ರಮ ಎಂಥದೆಂದು ಗೊತ್ತು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಯಾರೂ ಹೋಗದ ಕಡೆಗೆ ಹೋದವರು ಅವರು. ನಮ್ಮ ಮನೆಗಳಲ್ಲೂ ಯಾರೂ ಹತ್ತಿರ ಕುಳಿತು ಮಾತಾಡಿಸದ ಒಂದು ಮೂಲೆ ಇರುತ್ತದೆ. ಅಲ್ಲಿ ಅಜ್ಜನೋ ಅಜ್ಜಿಯೋ ಜಪಮಾಲೆ ಹಿಡಿದು ಕುಳಿತಿರುತ್ತಾರೆ. ಈ ರಜೆಯಲ್ಲಿ ಅವರ ಕೈಹಿಡಿದು ಹೊರಡೋಣ. ಆ ಖಾಲಿ ದೇವಾಲಯದಲ್ಲಿ ಅವರ ಪಕ್ಕದಲ್ಲಿ ಅರ್ಧ ಗಂಟೆ ಸುಮ್ಮನೆ ಕೂರೋಣ. ಗೋವಾಕ್ಕೆ ಹೋಗಲಾಗದಿದ್ದರೆ, ಆ ಅರ್ಧ ಗಂಟೆಯನ್ನು ಮನೆಯ ಜಗಲಿಯಲ್ಲೇ ಕೊಡೋಣ. ಅದಕ್ಕೆ ಟಿಕೆಟ್ ಬೇಕಿಲ್ಲ.