ಮೊದಲು ಹುಡುಗಿಯನ್ನು ಬಿಡಿಸಿರಿ



ಮದುವೆಯಾಗಿ ವರ್ಷ ಎರಡು ವರ್ಷ ಕಳೆಯುವುದರೊಳಗೆ ಹೆಣ್ಣುಮಗಳೊಬ್ಬಳು ಸುಟ್ಟುಕೊಂಡೋ, ಉರುಲು ಹಾಕಿಕೊಂಡೋ, ಬಾವಿಗೆ ಬಿದ್ದೋ ಸತ್ತಳೆಂದು ಸುದ್ದಿ ಬಂದಾಗ ಆ ಮನೆಯ ಮುಂದೆ ನೆರೆದವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, 'ಆಕಿ ಹಣೆಬರಹ.' ಇನ್ನೊಂದು, 'ಆ ಅತ್ತಿ ರಾಕ್ಷಸಿ ಇದ್ದಾಳ.' ಎರಡೂ ಮಾತು ಆಡಿದವರಿಗೆ ಸಮಾಧಾನ ಕೊಡುತ್ತವೆ. ಹಣೆಬರಹವಾದರೆ ಯಾರೂ ಏನೂ ಮಾಡುವಂತಿರಲಿಲ್ಲ. ರಾಕ್ಷಸಿಯ ಕೆಲಸವಾದರೆ ರಾಕ್ಷಸರಲ್ಲದ ನಮಗೂ ಅದಕ್ಕೂ ಸಂಬಂಧವಿಲ್ಲ. ಆದರೆ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ವರದಕ್ಷಿಣೆಗಾಗಿ ಸತ್ತರೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಅಷ್ಟೊಂದು ರಾಕ್ಷಸರು ಎಲ್ಲಿಂದ ಬಂದರು? ಅವರೆಲ್ಲ ನಮ್ಮ ನಡುವಿನ ಜನರೇ ಅಲ್ಲವೇ?

ಈ ಪ್ರಶ್ನೆಯನ್ನು ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆ ಗ್ರೀಸ್ ದೇಶದ ನಾಟಕಕಾರರು ಬಲು ಆಳವಾಗಿ ಯೋಚಿಸಿದ್ದರು. ಆ ದುರಂತ ನಾಟಕಗಳು ಕನ್ನಡಕ್ಕೆ ಹೊಸವಲ್ಲ. ಸಾಫೋಕ್ಲಿಸನ ಒಂದು ನಾಟಕವನ್ನು ಬಿ.ಎಂ.ಶ್ರೀಯವರು ಮಹಾಭಾರತದ ಕಥೆಗೆ ಹೊಂದಿಸಿ 1929ರಲ್ಲಿ 'ಅಶ್ವತ್ಥಾಮನ್' ಎಂದು ಬರೆದರು. ಅದೇ ಕವಿಯ 'ದೊರೆ ಈಡಿಪಸ್', 'ಅಂತಿಗೊನೆ' ನಾಟಕಗಳನ್ನು ಪಿ. ಲಂಕೇಶರು ಕನ್ನಡಕ್ಕೆ ತಂದರು. ಈ ನಾಟಕಗಳನ್ನು ಕುರಿತು ಬರೆದ ಅರಿಸ್ಟಾಟಲ್ ಎಂಬ ಪಂಡಿತನು, ದುರಂತಕ್ಕೆ ಈಡಾಗುವವನು ತೀರ ಒಳ್ಳೆಯವನೂ ಅಲ್ಲ, ಕಡುದುಷ್ಟನೂ ಅಲ್ಲ, ನಮ್ಮಂಥವನೇ. ಅವನು ಕೆಡುವುದು ತಾನು ಮಾಡಿದ ಒಂದು ತಪ್ಪಿನಿಂದ ಎಂದು ಹೇಳಿದ. ನಮ್ಮ ಚಳವಳಿಗೆ ಬೇಕಾದ ಮಾತು ಇದೇ. ಕೇಡು ನಡೆಯುವ ಮೊದಲು ಅದನ್ನು ತಡೆಯಬಹುದಾದ ಗಳಿಗೆಗಳು ಹಲವು ಬರುತ್ತವೆ. ಪ್ರತಿ ಗಳಿಗೆಯಲ್ಲೂ ಯಾರೋ ಒಬ್ಬರು ತಮ್ಮದೇ ಕಾರಣಕ್ಕೆ ಸುಮ್ಮನಾಗುತ್ತಾರೆ.

ಮೊದಲು ನಮಗೆ ಗೊತ್ತಿರುವ ಕಥೆಯನ್ನೇ ನೋಡೋಣ. ನಮ್ಮ ಹಾನಗಲ್ಲೇ ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಎಂದು ಈ ಸೀಮೆಯ ಜನ ತಲೆಮಾರುಗಳಿಂದ ನಂಬಿದ್ದಾರೆ. ಅಲ್ಲಿ ದ್ರೌಪದಿ ಸೈರಂಧ್ರಿಯಾಗಿ ರಾಣಿ ಸುದೇಷ್ಣೆಯ ಮನೆಯಲ್ಲಿ ಚಾಕರಿಗಿದ್ದಳು. ರಾಣಿಯ ತಮ್ಮ ಕೀಚಕನ ಕಣ್ಣು ಅವಳ ಮೇಲೆ ಬಿತ್ತು. ಅದು ಗೊತ್ತಿದ್ದೂ ಸುದೇಷ್ಣೆ ಮದ್ಯ ತರುವ ನೆಪ ಹೇಳಿ ಅವಳನ್ನು ಅವನ ಮನೆಗೆ ಕಳಿಸಿದಳು. ಸೈರಂಧ್ರಿ ತಪ್ಪಿಸಿಕೊಂಡು ರಾಜಸಭೆಗೆ ಓಡಿ ಬಂದರೆ ಕೀಚಕ ತುಂಬಿದ ಸಭೆಯಲ್ಲೇ ಅವಳನ್ನು ಒದ್ದ. ಯಾರು ಬಾಯಿ ಬಿಟ್ಟರು? ಸುದೇಷ್ಣೆಗೆ ತಮ್ಮನ ಮೇಲಿನ ಮೋಹ. ವಿರಾಟನಿಗೆ ತನ್ನ ಸೇನಾಪತಿಯನ್ನು ಕಳೆದುಕೊಳ್ಳುವ ಅಂಜಿಕೆ. ಧರ್ಮರಾಯನಿಗೆ ಗುಟ್ಟು ರಟ್ಟಾದರೆ ಮತ್ತೆ ಹನ್ನೆರಡು ವರ್ಷ ವನವಾಸವೆಂಬ ಚಿಂತೆ. ಎಲ್ಲರಿಗೂ ಕಾರಣವಿತ್ತು. ಒದೆ ತಿಂದವಳು ಮಾತ್ರ ಒಬ್ಬಳೇ.

ಯೂರಿಪಿಡೀಸ್ ಎಂಬ ಗ್ರೀಕ್ ಕವಿ ಬರೆದ ಇಫಿಜೀನಿಯಾ ಎಂಬ ಹುಡುಗಿಯ ನಾಟಕದಲ್ಲಿಯೂ ಇದೇ ಕಾಣುತ್ತದೆ. ಗ್ರೀಕರ ಸೈನ್ಯ ಟ್ರಾಯ್ ನಗರದ ಮೇಲೆ ದಂಡೆತ್ತಿ ಹೊರಟಿದೆ. ಗಾಳಿ ಬೀಸದೆ ಹಡಗುಗಳು ನಿಂತಿವೆ. ಸೇನೆಯ ಮುಖಂಡ ಅಗಮೆಮ್ನಾನ್ ತನ್ನ ಮಗಳನ್ನು ಬಲಿ ಕೊಟ್ಟರೆ ದಾರಿಯಾಗುತ್ತದೆ ಎಂದು ಶಕುನ ಹೇಳುವವನ ಮಾತು. ಅಪ್ಪ ಮಗಳಿಗೆ ಪತ್ರ ಬರೆದು, ಶೂರನಾದ ಅಕಿಲೀಸನ ಜೊತೆ ಮದುವೆ ಗೊತ್ತಾಗಿದೆ, ಬಾ ಎಂದು ಕರೆಸುತ್ತಾನೆ. ಆತ ಕಟುಕನಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಸಂಕಟಪಟ್ಟು, ಬರಬೇಡ ಎಂದು ಎರಡನೆಯ ಪತ್ರ ಬರೆಯುತ್ತಾನೆ. ಅದನ್ನು ಅವನ ತಮ್ಮ ನಡುದಾರಿಯಲ್ಲಿ ಕಸಿದುಕೊಳ್ಳುತ್ತಾನೆ. ಅಣ್ಣನ ಕಣ್ಣೀರು ನೋಡಿ ಆಮೇಲೆ ತಮ್ಮನೂ ಕರಗಿ, ಬಲಿ ಬೇಡವೆನ್ನುತ್ತಾನೆ. ಆಗ ಅಪ್ಪನೇ ಹಿಂಜರಿಯುತ್ತಾನೆ: ಸೈನ್ಯಕ್ಕೆ ಸುದ್ದಿ ಗೊತ್ತಾದರೆ ಬಿಡುತ್ತದೆಯೇ, ಜನ ಏನೆಂದಾರು?

ನಮ್ಮ ಎಷ್ಟು ತಂದೆಯಂದಿರು ಈ ಅಗಮೆಮ್ನಾನನಂತಿಲ್ಲ! ಮೈಮೇಲಿನ ಬಾಸುಂಡೆ ತೋರಿಸಿ ಮಗಳು ತವರಿಗೆ ಬಂದಾಗ ಅಪ್ಪನೂ ಅಳುತ್ತಾನೆ. ಎಂಟು ದಿನ ಇಟ್ಟುಕೊಂಡು, ಸೀರೆ ಉಡಿಸಿ, ಉಡಿ ತುಂಬಿ, 'ಹೊಂದಿಕೊಂಡು ಹೋಗಬೇಕವ್ವಾ' ಎಂದು ಬಸ್ಸು ಹತ್ತಿಸಿ ಬರುತ್ತಾನೆ. ಪ್ರೀತಿ ಇಲ್ಲವೆಂದಲ್ಲ. ಪ್ರೀತಿಗಿಂತ ಜನರ ಅಂಜಿಕೆ ದೊಡ್ಡದಾಗಿದೆ, ಅಷ್ಟೆ.

ನಾಟಕದ ಕೊನೆಯಲ್ಲಿ ತಾಯಿ ಅತ್ತು, ಹುಡುಗಿ ಅಪ್ಪನ ಕಾಲು ಹಿಡಿದು ಬೇಡಿದ ಮೇಲೂ ದಾರಿ ಕಾಣದಾಗ ಇಫಿಜೀನಿಯಾ ತಾನೇ ನಾಡಿಗಾಗಿ ಸಾಯುತ್ತೇನೆ ಎನ್ನುತ್ತಾಳೆ. ನಮ್ಮ 'ಕೆರೆಗೆ ಹಾರ'ದ ಭಾಗೀರಥಿಯನ್ನು ನೆನೆಯಿರಿ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಸೊಸೆಯನ್ನು ಹಾರ ಕೊಡಬೇಕೆಂದಾಯಿತು. ಹಿರಿಯ ಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರು ಎಂದು ಕಿರಿಯ ಸೊಸೆಯನ್ನು ಗೊತ್ತು ಮಾಡಿದರು. ಗಂಡ ದಂಡಿನಲ್ಲಿದ್ದ. ತವರಿಗೆ ಹೋದ ಭಾಗೀರಥಿ ಅಪ್ಪನಿಗೂ ಅವ್ವನಿಗೂ ನಿಜ ಹೇಳಲಾರದೆ, ಗೆಳತಿಗೆ ಮಾತ್ರ ಹೇಳಿದಳು. ಗೆಳತಿ ಏನೆಂದಳು? ಇಟ್ಟ ಹಾಗೆ ಇರಬೇಕೆಂದಳು. ಪೂಜೆಯ ದಿನ ಮರೆತ ಬಟ್ಟಲು ತರುವ ನೆಪದಲ್ಲಿ ಅವಳನ್ನು ಕೆರೆಯೊಳಗೆ ಕಳಿಸಿದರು. ಈ ಹಾಡನ್ನು ತ್ಯಾಗದ ಕಥೆಯೆಂದು ಹೊಗಳುತ್ತ ಬಂದಿದ್ದೇವೆ. ಎಲ್ಲ ಬಾಗಿಲು ಮುಚ್ಚಿದ ಮೇಲೆ ಹೆಣ್ಣು 'ಆಗಲಿ' ಎಂದರೆ ಅದು ಒಪ್ಪಿಗೆಯೇ? ಕೊನೆಯ ಬಾಗಿಲು ಮುಚ್ಚಿದವಳು ಅತ್ತೆಯಲ್ಲ, ಗೆಳತಿ ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ. ಬಲಿಯ ಗಳಿಗೆಯಲ್ಲಿ ದೇವತೆ ಹುಡುಗಿಯನ್ನು ಎತ್ತಿಕೊಂಡು ಹೋಗಿ ಜಿಂಕೆಯನ್ನಿಟ್ಟಳು ಎಂದು ದೂತ ಬಂದು ಇಫಿಜೀನಿಯಾಳ ತಾಯಿಗೆ ಹೇಳುತ್ತಾನೆ. ತನ್ನ ದುಃಖ ಅಡಗಿಸಲು ಕಟ್ಟಿದ ಕಥೆಯಲ್ಲ ಎಂದು ಹೇಗೆ ನಂಬಲಿ ಎಂಬ ಅನುಮಾನ ತಾಯಿಗೆ. ಸ್ಟೋವ್ ಸಿಡಿಯಿತು, ಕಾಲು ಜಾರಿ ಬಾವಿಗೆ ಬಿದ್ದಳು, ಹೊಟ್ಟೆನೋವು ತಾಳಲಾರದೆ ಎಣ್ಣೆ ಕುಡಿದಳು ಎಂಬ ಕಥೆಗಳನ್ನು ಕೇಳಿದ ತಾಯಂದಿರಿಗೆ ಆ ಅನುಮಾನ ಏನೆಂಬುದು ಗೊತ್ತು.

ಈಗ ಅಂತಿಗೊನೆಯ ಕಥೆ. ಊರಿನ ಮೇಲೆ ದಂಡೆತ್ತಿ ಬಂದು ಸತ್ತ ಅವಳ ಅಣ್ಣನ ಹೆಣವನ್ನು ಯಾರೂ ಮಣ್ಣು ಮಾಡಕೂಡದೆಂದು ರಾಜ ಕ್ರಿಯಾನನ ಆಜ್ಞೆ. ಕ್ರಿಯಾನ್ ಅವಳ ಸೋದರಮಾವ. ಅವನ ಮಗನಿಗೇ ಅವಳನ್ನು ಗೊತ್ತು ಮಾಡಿದೆ. ತಂಗಿ ಇಸ್ಮೀನೆ, ನಾವು ಹೆಂಗಸರು, ಗಂಡಸರ ಎದುರು ನಿಲ್ಲಲಾಗದೆಂದು ಹಿಂದೆ ಸರಿಯುತ್ತಾಳೆ. ಅಂತಿಗೊನೆ ಒಬ್ಬಳೇ ಹೋಗಿ ಅಣ್ಣನಿಗೆ ಮಣ್ಣು ಹಾಕುತ್ತಾಳೆ. ಇಲ್ಲಿ ಕ್ರಿಯಾನನಿಗೂ ಒಂದು ನ್ಯಾಯವಿದೆ: ಯುದ್ಧದಿಂದ ಬಳಲಿದ ಊರಿಗೆ ಕಟ್ಟಳೆ ಬೇಕು. ಆದರೆ ಅವನಲ್ಲಿ ಇನ್ನೊಂದೂ ಇದೆ: ಹೆಣ್ಣೊಬ್ಬಳಿಗೆ ಸೋತೆನೆಂಬ ಅಪಮಾನ ತಾಳಲಾಗದು. ಊರ ಜನ ಒಳಗೊಳಗೇ ಆ ಹುಡುಗಿಗಾಗಿ ಮರುಗುತ್ತಿದ್ದಾರೆ, ನಿನ್ನ ಎದುರು ಹೇಳಲು ಅಂಜುತ್ತಾರೆ ಎಂದು ಮಗನೇ ಹೇಳಿದರೂ ಆತ ಕೇಳದೆ ಅವಳನ್ನು ಗವಿಯಲ್ಲಿ ಹೂಳಿಸುತ್ತಾನೆ.

ಗ್ರೀಕ್ ನಾಟಕದಲ್ಲಿ ನಮ್ಮ ದೊಡ್ಡಾಟದ ಹಿಮ್ಮೇಳದಂತೆ ಒಂದು ಮೇಳ ಇರುತ್ತದೆ. ಅದು ಊರ ಜನರ ಪರವಾಗಿ ಎಲ್ಲವನ್ನೂ ನೋಡುತ್ತ, ಹಾಡುತ್ತ, ನಡುನಡುವೆ ಬುದ್ಧಿ ಹೇಳುತ್ತ ನಿಂತಿರುತ್ತದೆ. ಈ ನಾಟಕದ ಮೇಳ ಊರ ಹಿರಿಯರದು. ರಾಜನಿಗೆ ಅಂಜಿ ಅವರು ಬಹಳ ಹೊತ್ತು ಗಟ್ಟಿಯಾಗಿ ಏನೂ ಹೇಳುವುದಿಲ್ಲ. ಕುರುಡ ಜ್ಞಾನಿಯೊಬ್ಬ ಬಂದು ಎಚ್ಚರಿಸಿ ಹೋದ ಮೇಲೆ ಕ್ರಿಯಾನ್ ಅಳುಕುತ್ತಾನೆ. ಆಗ ಹಿರಿಯರು ನೇರವಾಗಿ ಹೇಳುತ್ತಾರೆ: ಮೊದಲು ಹುಡುಗಿಯನ್ನು ಬಿಡಿಸು, ಆಮೇಲೆ ಹೆಣ ಮಣ್ಣು ಮಾಡು. ಕ್ರಿಯಾನ್ ಒಪ್ಪಿ ಹೊರಡುತ್ತಾನೆ. ಆದರೆ ಮೊದಲು ಹೆಣದ ಶಾಸ್ತ್ರ ಮುಗಿಸಿ ಆಮೇಲೆ ಗವಿಗೆ ಹೋಗುತ್ತಾನೆ. ಅಷ್ಟರಲ್ಲಿ ಅಂತಿಗೊನೆ ಉರುಲು ಹಾಕಿಕೊಂಡಿರುತ್ತಾಳೆ. ಅದನ್ನು ನೋಡಿದ ಮಗ ಸಾಯುತ್ತಾನೆ, ಮಗ ಸತ್ತ ಸುದ್ದಿ ಕೇಳಿ ಹೆಂಡತಿ ಸಾಯುತ್ತಾಳೆ.

ಸೋದರಿಯರೇ, ನಮ್ಮ ಊರ ಪಂಚಾಯ್ತಿಗಳಲ್ಲಿ ನಡೆಯುವುದೂ ಹೀಗೇ. 'ಗೋವಿನಜೋಳದ ರಾಶಿ ಮುಗೀಲಿ', 'ಹಬ್ಬ ಆಗಲಿ', 'ನಾದಿನಿ ಮದುವಿ ಮುಗೀಲಿ, ಹಿರೇರು ಕೂತು ಮಾತಾಡೋಣ' ಎನ್ನುತ್ತೇವೆ. ಮನೆತನದ ಮರ್ಯಾದೆ ಮೊದಲು, ಹುಡುಗಿ ಆಮೇಲೆ. ಆ ನಡುವಿನ ಎಂಟು ದಿನಗಳಲ್ಲೇ ಹುಡುಗಿ ಸತ್ತಿರುತ್ತಾಳೆ.

ಮೂರನೆಯದು ಮೀಡಿಯಾ ಎಂಬ ಹೆಂಗಸಿನ ಕಥೆ, ಕ್ರಿ.ಪೂ. 431ರಲ್ಲಿ ಅಥೆನ್ಸ್ ನಗರದಲ್ಲಿ ಆಡಿದ ಯೂರಿಪಿಡೀಸನ ನಾಟಕ. ತವರು ತೊರೆದು ನಂಬಿ ಬಂದ ಗಂಡ ಜೇಸನ್ ಅವಳನ್ನು ಬಿಟ್ಟು ರಾಜನ ಮಗಳನ್ನು ಮದುವೆಯಾಗುತ್ತಾನೆ. ಅದೂ ಮಕ್ಕಳ ಭವಿಷ್ಯಕ್ಕಾಗಿ ಎನ್ನುತ್ತಾನೆ! ಆಗ ಮೀಡಿಯಾ ಊರ ಹೆಂಗಸರ ಮುಂದೆ ತನ್ನ ಗೋಳು ತೋಡಿಕೊಳ್ಳುತ್ತಾಳೆ. ಕೈತುಂಬ ಹಣ ಕೊಟ್ಟು ಗಂಡನನ್ನು ಕೊಂಡು ನಮ್ಮ ಮೈಗೆ ನಾವೇ ಒಡೆಯನನ್ನು ತರುತ್ತೇವೆ, ಬಿಟ್ಟು ಬಂದರೆ ಹೆಸರು ಕೆಡುತ್ತದೆ ಎಂಬುದು ಅವಳ ಮಾತಿನ ತಿರುಳು. ಅಥೆನ್ಸಿನಲ್ಲಿಯೂ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುತ್ತಿದ್ದರು. ಆದರೆ ಹೆಂಡತಿಯನ್ನು ಬಿಟ್ಟರೆ ಗಂಡ ಅದನ್ನು ಅವಳ ತವರಿಗೆ ಹಿಂದಿರುಗಿಸಬೇಕಿತ್ತು, ತಪ್ಪಿದರೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ ಕಟ್ಟಬೇಕಿತ್ತು.

ಮೀಡಿಯಾ ಸೇಡಿಗಾಗಿ ಕೊನೆಗೆ ತನ್ನ ಎರಡು ಮಕ್ಕಳನ್ನೇ ಕೊಲ್ಲುತ್ತಾಳೆ. ಆಕೆಗೆ ಅನ್ಯಾಯವಾದದ್ದು ನಿಜ. ಆಕೆ ಮಾಡಿದ್ದು ಘೋರವೆಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಲಾಗದು. ಅನ್ಯಾಯ ಉಂಡವರು ತಾವೇ ಅನ್ಯಾಯ ಮಾಡುವವರಾಗುವುದನ್ನು ನಾವು ದಿನವೂ ನೋಡುತ್ತೇವೆ. ಸೊಸೆಯನ್ನು ಕಾಡುವ ಅತ್ತೆ ಒಂದು ಕಾಲಕ್ಕೆ ತಾನೂ ಅಡಿಗೆಮನೆಯ ಮೂಲೆಯಲ್ಲಿ ಅತ್ತವಳೇ ಆಗಿರುತ್ತಾಳೆ. ಆದರೆ ಈ ನಾಟಕದಲ್ಲಿ ನಮ್ಮನ್ನು ಹೆಚ್ಚು ಕಲಕಬೇಕಾದವರು ಮೇಳದ ಹೆಂಗಸರು. ಮೀಡಿಯಾಳ ಮನಸ್ಸಿನಲ್ಲಿರುವುದು ಅವರಿಗೆ ಮೊದಲೇ ಗೊತ್ತು, ಬೇಡವೆಂದು ಬೇಡಿಕೊಳ್ಳುತ್ತಾರೆ. ಒಳಗಿನಿಂದ ಮಕ್ಕಳ ಕೂಗು ಕೇಳಿದಾಗ, ಒಳಗೆ ಹೋಗೋಣವೇ ಎನ್ನುತ್ತಾರೆ. ಹೋಗುವುದಿಲ್ಲ.

ನಮ್ಮ ಸ್ವಸಹಾಯ ಗುಂಪು ಊರಿನ ಮೇಳವೇ ಆಗಿದೆ. ವಾರಕ್ಕೊಮ್ಮೆ ಕೂಡುವ ಹತ್ತು ಹದಿನೈದು ಹೆಂಗಸರಿಗೆ ಗೊತ್ತಿಲ್ಲದ ಮನೆಯ ಸುದ್ದಿ ಯಾವುದಿದೆ? ಗೋಡೆಯಾಚೆಯ ಕೂಗು ಮೊದಲು ಕೇಳುವುದು ನಮಗೇ. ಹಾಗಿರುವಾಗ ಕೆಲವು ಕಠಿಣ ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಮಗಳ ಮದುವೆಯ ಹೆಸರಿನಲ್ಲಿ ಸದಸ್ಯೆ ಸಾಲ ಕೇಳಿದಾಗ, ಅದು ವರೋಪಚಾರದ ಬಾಕಿಗೆ, ತೊಲೆ ಬಂಗಾರಕ್ಕೆ ಹೋಗುತ್ತದೆಂದು ಗೊತ್ತಿದ್ದೂ ಠರಾವು ಬರೆಯುತ್ತೇವೆಯೇ? ಕೊಡದಿದ್ದರೆ ಅವಳ ಮಗಳ ಮದುವೆ ನಿಲ್ಲಬಹುದು. ಕೊಟ್ಟರೆ ಆ ಮಗಳ ಮೇಲೆ ಬೆಲೆಯ ಚೀಟಿ ಅಂಟಿಸಿದವರು ನಾವೂ ಆಗುತ್ತೇವೆ. ಸೊಸೆಯನ್ನು ಕಾಡುವ ಅತ್ತೆ ನಮ್ಮದೇ ಗುಂಪಿನವಳಾಗಿದ್ದರೆ, ತಪ್ಪದೆ ಕಂತು ಕಟ್ಟುವವಳು, ನಮ್ಮ ಕಷ್ಟಕ್ಕೆ ಆದವಳು ಆಗಿದ್ದರೆ, ಆಗ ಯಾರ ಪರ? ಗೆಳೆತನವೂ ಸತ್ಯ, ಸೊಸೆಯ ಜೀವವೂ ಸತ್ಯ. ದುರಂತ ಹುಟ್ಟುವುದು ಇಂಥ ಇಕ್ಕಟ್ಟಿನಲ್ಲೇ. ಇಂಥಲ್ಲಿ ಜೀವ ಮೊದಲು, ಉಳಿದದ್ದು ಆಮೇಲೆ ಎಂಬುದು ನಮ್ಮ ನಿಲುವು.

ಹೀಗೆ ಮಾಡಲು ಕಾನೂನು ನಮ್ಮ ಬೆನ್ನಿಗಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಂತೆ ತೆಗೆದುಕೊಳ್ಳುವುದೂ ಕೊಡುವುದೂ ಅಪರಾಧ. ಆದರೆ ನೊಂದವರು ಕೊಟ್ಟೆವೆಂದು ಹೇಳಿದ ಮಾತನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. 498ಎ, 304ಬಿ ಎಂದು ನಾವು ಕೇಳುತ್ತಿದ್ದ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85, 86 ಮತ್ತು 80 ಆಗಿವೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಹೆಣ್ಣಿಗೆ ಗಂಡನ ಮನೆಯಲ್ಲೇ ಇರುವ ಹಕ್ಕು ಕೊಟ್ಟಿದೆ. ಅದಕ್ಕಿಂತ ಮುಖ್ಯವಾಗಿ, ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಕೆಲಸವಿದೆ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. 181 ಮತ್ತು 112 ಸಂಖ್ಯೆಗಳಿಗೆ ಫೋನ್ ಮಾಡಬಹುದು. ಮೇಳ ಇನ್ನು ಬಾಗಿಲ ಹೊರಗೆ ನಿಲ್ಲಬೇಕಿಲ್ಲ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಮೂರು ಕಥೆಗಳನ್ನು ಒಬ್ಬರು ಹೇಳಿರಿ. ನಂತರ, ನಮ್ಮ ಓಣಿಯಲ್ಲಿ ಈಗ ಗವಿಯೊಳಗೆ ಇರುವ ಹುಡುಗಿ ಯಾರು ಎಂದು ಕೇಳಿರಿ. ಹೆಸರು ಯಾರಾದರೂ ಹೇಳಿಯೇ ಹೇಳುತ್ತಾರೆ. ಸಭೆ ಮುಗಿದ ಕೂಡಲೇ ಇಬ್ಬರು ಅವಳ ಮನೆಗೆ ಹೋಗಿ, ಅವಳೊಬ್ಬಳೇ ಸಿಗುವ ಹೊತ್ತು ನೋಡಿ, ಹೇಗಿದ್ದೀಯೆಂದು ಮಾತಾಡಿಸಿ ಬನ್ನಿರಿ.