ಪಾಸ್‌ಬುಕ್ಕು ನಿಮ್ಮದು, ಮೊಬೈಲ್ ನಂಬರ್ ಯಾರದು?

ಹಂಗಳ ಸುತ್ತಿನ ಅಕ್ಕಂದಿರೇ, ಡೇರಿ ಚೀಟಿ ನೋಡಿದ ಕೂಡಲೇ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಹೇಳುತ್ತೀರಿ. ಅವೂ ಇಂಗ್ಲಿಷ್ ಮಾತುಗಳೇ. ದುಡ್ಡಿನ ವಿಷಯವಾದ್ದರಿಂದ ಕಲಿತಿರಿ. ಒಟಿಪಿ, ಪಿನ್ ಎಂದರೆ ಮಾತ್ರ 'ಮಗನನ್ನು ಕೇಳಿ' ಎನ್ನುವುದೇಕೆ?

ಸರ್ಕಾರದ ಪ್ರೋತ್ಸಾಹಧನ ಬರುವುದು ನಿಮ್ಮ ಬ್ಯಾಂಕ್ ಖಾತೆಗೆ. ಆ ಖಾತೆಗೆ ಮಗನದೋ ಯಜಮಾನರದೋ ನಂಬರ್ ಕೊಟ್ಟಿದ್ದರೆ ಹಣ ಬಂದ ಮೆಸೇಜೂ ಅವರಿಗೆ, ಒಟಿಪಿಯೂ ಅವರಿಗೇ. ಮಗ ಒಳ್ಳೆಯವನೇ ಇರಬಹುದು. ಆದರೂ ಬ್ಯಾಂಕಿಗೆ ಹೋಗಿ ನಿಮ್ಮದೇ ನಂಬರ್ ಬರೆಸಿ ಎಂಬುದು ನನ್ನ ಮಾತು.

ಪಿನ್ ಎಂದರೆ ನೀವೇ ಇಟ್ಟುಕೊಂಡ ಗುಟ್ಟಿನ ಅಂಕಿ, ಬೀರುವಿನ ಬೀಗದ ಕೈ ಇದ್ದ ಹಾಗೆ. ನೀವು ಬದಲಿಸುವ ತನಕ ಅದೇ. ಒಟಿಪಿ ಹಾಗಲ್ಲ, ಒಂದೇ ಸಲದ ಕೆಲಸಕ್ಕೆ ಬರುವ ಅಂಕಿ, ಕೆಲವೇ ನಿಮಿಷದಲ್ಲಿ ಅದರ ಆಯುಸ್ಸು ಮುಗಿಯುತ್ತದೆ. ಕಳ್ಳನಿಗೆ ಅಷ್ಟೇ ಸಾಕು. 'ಪ್ರೋತ್ಸಾಹಧನ ನಿಂತಿದೆ, ಮೆಸೇಜಲ್ಲಿ ಬಂದ ನಂಬರ್ ಹೇಳಿ' ಎಂದು ಯಾರೇ ಫೋನ್ ಮಾಡಲಿ, ಹೇಳಬೇಡಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ನಿಮಗೆ ಹಣ ಬರುವುದಕ್ಕೆ ಪಿನ್ ಬೇಡವೇ ಬೇಡ. 'ಹಸುವಿಗೆ ಮುಂಗಡ ಕಳಿಸಿದ್ದೇನೆ, ಪಿನ್ ಒತ್ತಿ ತಗೊಳ್ಳಿ' ಎನ್ನುವವನು ಹಸು ಕೊಳ್ಳುವವನಲ್ಲ. ಒತ್ತಿದರೆ ಹೋಗುವುದು ನಿಮ್ಮ ದುಡ್ಡೇ.

ಹೋಗಿಯೇಬಿಟ್ಟರೆ, ಮನೆಯಲ್ಲಿ ಬೈತಾರೆ ಎಂದು ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದರೆ ಹಣ ಕಳ್ಳನ ಕೈ ಸೇರುವ ಮೊದಲೇ ತಡೆಹಿಡಿಯಲು ಆಗಬಹುದು.